ಗುಂಡಿ ಇರೋದು ಕೊಡ್ರಿ

ಹೋದ ಆಷಾಢದಲ್ಲಿ ಕಾತ್ರಜದಿಂದ ಸಿಂಹಗಡಕ್ಕೆ
ಹದಿಮೂರು ಗುಡ್ಡ ದಾಟುತ್ತೇವೆಂದು ಹೊರಟು
ಆರನೆಯದನ್ನೇ ಎರಡು ಸಲ ಹತ್ತಿದೆವು, ನಾನೂ ನಸೀಮಾಳೂ.
ಮಂಜೆಂದರೆ ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗೆ.
ಫೋನು ತೆಗೆದರೆ ಮಳೆಹನಿಗಳೇ ಬೆರಳಾಗಿ
ನಕ್ಷೆ ಮುಚ್ಚಿ, ಏನೇನೋ ಒತ್ತಿ
ನನ್ನ ಹಲ್ಲಿನ ಡಾಕ್ಟರಿಗೆ ಕರೆ ಹೋಯಿತು.
‘ನಾಳೆ ಹನ್ನೊಂದಕ್ಕೆ ಬನ್ನಿ’ ಅಂದರು, ಪಾಪ.

ಅದಕ್ಕೇ ಈಗ ಬುಧವಾರ ಪೇಟೆ, ಟಪ್ಕೀರ್ ಗಲ್ಲಿ.

ಲಖ್ವಾನಿ ಗಾಜಿನ ಮೇಲೆ ಮೂರು ಇಟ್ಟ.
ಮೊದಲನೆಯದಕ್ಕೆ ಬಣ್ಣದ ನಕ್ಷೆ, ಸವರಿದರೆ ಸಾಕಂತೆ.
ಸವರುವುದೇ ಬೇಡ ಮಾರಾಯ, ಅಂದೆ.
ಎರಡನೆಯದು ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತದೆ,
ಚಾರ್ಜು ಮುಗಿದರೆ ಮಾತ್ರ ಗೋಡೆ ಹುಡುಕಬೇಕು.
ಗುಡ್ಡದ ಮೇಲೆ ಗೋಡೆಯೇನೋ ಇದೆ,
ಕೋಟೆಯದು. ಪ್ಲಗ್ಗಿಲ್ಲ.

ಮೂರನೆಯದು ಹಳದಿ, ಯಾರೋ ಬಳಸಿ ಬಿಟ್ಟದ್ದು,
ಅಂಚಿನ ರಬ್ಬರು ಎದ್ದಿದೆ, ಎರಡು ಪೆನ್ಸಿಲ್ ಸೆಲ್ಲು ಸಾಕು,
ಖೇಡ್ ಶಿವಾಪುರದ ಬೀಡಿ ಅಂಗಡಿಯಲ್ಲೂ ಸಿಗುವಂಥವು.
ಬೂದು ಪರದೆ.
ಬಿಸಿಲೇರಿದಷ್ಟೂ ಅಕ್ಷರ ತಿಳಿಯಾಗುತ್ತದೆ.
ಇಪ್ಪತ್ತಾರು ವರ್ಷ ಎಕ್ಸ್‌ರೇ ಕೋಣೆಯಲ್ಲಿ ಸವೆದವಳು,
ಬೂದಿನಲ್ಲೇ ಬಿರುಕು ಹುಡುಕಿ ಅಭ್ಯಾಸ ನನಗೆ.
ಹೆಬ್ಬೆರಳಿಗೆ ‘ಟಕ್’ ಅಂತು ಗುಂಡಿ.

ಪರೀಕ್ಷಿಸೋಣವೆಂದರೆ ಅಲ್ಲಿ ಮುಗಿಲೆಂಬುದು
ವಾಡೆಗಳ ಸೂರಿನ ನಡುವೆ ಒಂದು ಲಂಗೋಟಿ.
ಬೀದಿಗೆ ಬಂದು ಕೈಯೆತ್ತಿ ನಿಂತೆವು, ಮೂವರೂ.
ಪಾನಿನವನು ಸುಣ್ಣ ಹಚ್ಚುವುದು ಬಿಟ್ಟು ತಾನೂ ಮೇಲೆ ನೋಡಿದ.
ನಾಲ್ಕು ನಿಮಿಷಕ್ಕೆ ಉಪಗ್ರಹಗಳು ಒಪ್ಪಿಕೊಂಡವು:
ನಾವು ನಿಂತಿರುವುದು ಎದುರಿನ ಸೀರೆ ಅಂಗಡಿಯೊಳಗೆ.
‘ಅಷ್ಟು ಹೆಚ್ಚುಕಮ್ಮಿ ಇದ್ದದ್ದೇ, ತಾಯಿ’ ಅಂದ ಲಖ್ವಾನಿ.
‘ಹಾಗಾದರೆ ಒಂದು ಸೀರೆ ಕೊಡಿಸಿಬಿಡು’ ಅಂದಳು ನಸೀಮಾ.

ಒಳಗೆ ನಲವತ್ತೊಂದು ಗುರುತುಗಳು ಅಳಿಸದೆ ಉಳಿದಿದ್ದವು.
ನೀರು. ನೀರಿಲ್ಲ. ನೀರಿದೆ ಆದರೆ ಬೇಡ.
ನಾಯಿ ಒಳ್ಳೆಯದು.
ಇಲ್ಲಿಂದ ಎಡಕ್ಕೆ, ಎಡಕ್ಕೇ.
ಕೊನೆಯದಕ್ಕೆ ಹೆಸರಿರಲಿಲ್ಲ, ಬರೀ ನಂಬರು.
ಯಾರದಿದು?
‘ಮೊಣಕಾಲು ಹೋಯಿತಂತೆ. ಮೊಣಕಾಲು ಯಾರು ಕೊಳ್ಳುತ್ತಾರೆ,
ಇದನ್ನು ಮಾರಿದ. ಅಳಿಸಿ ಕೊಡಲೇ?’
ಬೇಡ ಅಂದೆ. ಇನ್ನೂರು ಕಡಿಮೆ ಮಾಡು.

ಭಾನುವಾರ ಒಂಬತ್ತನೆಯ ಗುಡ್ಡ.
ನೂರು ಮೀಟರು, ನಲವತ್ತು, ಹನ್ನೆರಡು,
ಮೂರಕ್ಕೆ ಬಂದದ್ದೇ ಬಾಣಕ್ಕೆ ತಲೆ ತಿರುಗಿತು,
ಗಾಣದೆತ್ತಿನ ಹಾಗೆ ಸುತ್ತತೊಡಗಿತು.
ಡಬ್ಬಿ ಬಚ್ಚಿಟ್ಟಿರುತ್ತಾನೆ ಖಂಡಿತ ಎಂದುಕೊಂಡು
ಕಲ್ಲು ಮಗುಚಿದೆವು, ಕಾರೆ ಮುಳ್ಳಿಗೆ ಕೈ ಕೊಟ್ಟೆವು.
ಒಂದು ಹಾವಿನ ಪೊರೆ, ಒಂದು ಗುಟ್ಕಾ ಚೀಟಿ,
ನಸೀಮಾಳ ಬೈಗುಳ, ಉರ್ದುವಿನಲ್ಲಿ ಅರ್ಧ, ನಮ್ಮ ವಿಜಾಪುರದ್ದು ಅರ್ಧ.

ದಣಿದು ಕೂತದ್ದು ಒಂದು ಚಪ್ಪಟೆ ಬಂಡೆಯ ಮೇಲೆ.
ಎತ್ತರ ಸರಿಯಾಗಿತ್ತು,
ಮಡಿಸಲಾಗದ ಕಾಲನ್ನು ನೀಡಿ ಕೂರುವಷ್ಟು.
ಬೆನ್ನಿಗೆ ಇನ್ನೊಂದು ಕಲ್ಲು. ಕೆಳಗೆ ಖಡಕ್‌ವಾಸಲದ ನೀರು.
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಆಮೇಲೆ ರೊಟ್ಟಿ ಬಿಚ್ಚಿದಳು ಅವಳು,
ಶೇಂಗಾ ಚಟ್ನಿ ಮರೆತಿದ್ದಳು.

ಏನಾದರೂ ಸಿಕ್ಕರೆ ಏನಾದರೂ ಇಟ್ಟು ಬರಬೇಕು,
ಈ ಆಟದ ನಿಯಮ ಅದು.
ಚೀಲ ತಡಕಿದೆ. ಹಳೆಯ ಫಿಲ್ಮಿನ ಡಬ್ಬಿಯಲ್ಲಿ
ನನ್ನ ಕೋಣೆಯ ‘ಎಡ’ ಗುರುತಿನ ಬಿಲ್ಲೆ,
ಎಷ್ಟು ಸಾವಿರ ಎಡಮೊಣಕಾಲುಗಳ ಪಕ್ಕ ಮಲಗಿತ್ತೋ.
ಬಂಡೆಯ ಸಂದಿಗೆ ತುರುಕಿದೆ.

ಇನ್ನು ಈ ಜಾಗಕ್ಕೊಂದು ಹೆಸರು.
ಯಂತ್ರದಲ್ಲಿ ಕನ್ನಡವಿಲ್ಲ,
ಇಂಗ್ಲಿಷಿನ ಅಕ್ಷರಗಳನ್ನೇ ಒಂದೊಂದಾಗಿ ಉರುಳಿಸಿ,
ಟಕ್, ಟಕ್, ದಾಟಿ ಹೋದರೆ ಮತ್ತೆ ಹಿಂದಕ್ಕೆ, ಟಕ್,
ರೊಟ್ಟಿ ಆರುವ ತನಕ ಒತ್ತಿ ಒತ್ತಿ
ಬರೆದೆ: ಕೂತ್ಕೋ.