ಗೆಣ್ಣು

ಉರ್ಗೆಂಚ್ ಸಂತೆಯಲ್ಲಿ ನಮ್ಮವ್ವ ಹೋಸಿಯತ್
ಕಲ್ಲಂಗಡಿಗೆ ಚಾಕು ಹಾಕಿ ತೋರಿಸುವವಳಲ್ಲ.
ನಡುಬೆರಳ ಗೆಣ್ಣಿನಿಂದ ಎರಡೇ ಸಲ ಕುಟ್ಟುವಳು,
ತಲೆ ವಾಲಿಸಿ ಕೇಳುವಳು, ಆಮೇಲೆ ಬೆಲೆ.
ಗಿರಾಕಿಗಳ ಚೌಕಾಸಿಯೆಲ್ಲ ಬೆಲೆಯ ಮೇಲೆ, ಹಣ್ಣಿನ ಮೇಲಲ್ಲ.

ಆ ಗೆಣ್ಣೇ ಮೊದಲು ಊದಿದ್ದು.

ಆಮೇಲೆ ಎಡಗೈಯದು, ಅದೇ ಬೆರಳು, ಅಣ್ಣತಮ್ಮಂದಿರ ಪಾಲಿನ ಹಾಗೆ.
ಬೆಳಗಿನ ಜಾವ ಮುಷ್ಟಿ ಬಿಚ್ಚಲು
ಬಿಸಿನೀರಿನ ಬೋಗುಣಿ ಬೇಕಾಯಿತು.
ತಂದೂರಿನ ಗೋಡೆಗೆ ರೊಟ್ಟಿ ಬಡಿಯುವ ಕೈ
ಅಂಗಿಯ ಗುಂಡಿಯ ಮುಂದೆ ಸೋತು ಕೂತಿತು.
ಅಮು ದರಿಯಾದ ತಂಪು ಎಂದರು ನೆರೆಯವರು,
ಕುರಿಬಾಲದ ಕೊಬ್ಬು ಕಾಸಿ ಹಚ್ಚಿದರು.
ಯಾರದೋ ಕಣ್ಣು ಎಂದು ಇಸಿರಿಕ್ ಹೊಗೆ ಹಾಕಿದರು.
ಅವ್ವ ಕೆಮ್ಮಿದಳು. ಗೆಣ್ಣು ಹಾಗೇ ಇತ್ತು.
ನೋವಿನ ಮಾತ್ರೆಯಲ್ಲೇ ಇಪ್ಪತ್ತೈದು ವರ್ಷ.

ಈಗ ನಾನು ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸುವವಳು.
ಅವಳ ಚೀಟಿಯನ್ನೂ ನಾನೇ ಅಂಟಿಸಿದೆ.
ಡಾಕ್ಟರ್ ಗಾವ್ಹರ್ ಮೂರು ನಿಮಿಷದಲ್ಲಿ ಹೇಳಿ ಮುಗಿಸಿದ್ದನ್ನು
ಮನೆಯ ಮಾತಿಗೆ ಇಳಿಸುವಷ್ಟರಲ್ಲಿ ಬೆವತುಹೋದೆ.

ಎದೆಗೂಡಿನೊಳಗೆ ಒಂದು ಶಾಲೆ ಇದೆಯವ್ವಾ, ಥೈಮಸ್ ಅಂತ.
ಕಾವಲಿನ ಕಣಗಳಿಗೆ ಅಲ್ಲಿ ಮನೆಯವರ ಮುಖದ ಪಾಠ.
ಮನೆಯವರ ಮೇಲೆ ಕೈಯೆತ್ತಿದವನು ಅಲ್ಲೇ ಸಾಯಬೇಕು.
ನೂರರಲ್ಲಿ ಮೂರೋ ನಾಲ್ಕೋ ಪಾಸಾಗಿ ಹೊರಬೀಳುತ್ತವೆ.

ಆಮೇಲೆ ಎಲ್ಲೋ, ನಿನ್ನ ಒಸಡಿನ ಕೀವಿನಲ್ಲೋ,
ತಂದೂರಿನ ಹೊಗೆ ಕುಡಿದ ಎದೆಯಲ್ಲೋ, ಇರಬಹುದು, ಗೊತ್ತಿಲ್ಲ,
ನಮ್ಮದೇ ಒಂದು ಪ್ರೋಟೀನಿನ ಕಾಗುಣಿತ ತಪ್ಪಿತು.
ಅರ್ಜಿನಿನ್ ಇರಬೇಕಾದಲ್ಲಿ ಸಿಟ್ರುಲಿನ್.
ಒಂದು ಕೊಂಬು, ಒಂದು ಇಳಿ, ಅಷ್ಟೇ.
ಶಾಲೆಯಲ್ಲಿ ತೋರಿಸಿದ ಮುಖ ಇದಲ್ಲ ಎಂದಿತು ಒಂದು ಕಣ.
ಇನ್ನೊಂದು ಹೌದಲ್ಲಾ ಎಂದಿತು.
ಮೊದಲ ನೋವಿಗಿಂತ ಎಷ್ಟೋ ವರ್ಷ ಮುಂಚೆಯೇ
ನಿನ್ನ ರಕ್ತದಲ್ಲಿ ವಾರಂಟು ಬರೆದಾಗಿತ್ತು.

ಟಿಎನ್‌ಎಫ್ ಎಂಬುವನೊಬ್ಬ ಬೆಂಕಿ ಬೆಂಕಿ ಎಂದು
ಓಣಿಗಳಲ್ಲಿ ಕೂಗುತ್ತ ಓಡಿದ.
ಬೆಂಕಿಯೇ ಇಲ್ಲದ ಮನೆಗೆ ನೀರು ಹೊತ್ತು ಬಂದವರು
ಬಾಗಿಲು ಮುರಿದರು, ಚಿಲಕ ಕಿತ್ತರು,
ಇನ್ನೂ ಹೊರಟಿಲ್ಲ.
ಕೀಲಿನ ತೆಳು ಪೊರೆ ದಪ್ಪಗಾಗಿ ಮೆಲುಮೂಳೆಯ ಮೇಲೆ ಹಬ್ಬಿದೆ,
ಮೇಯುತ್ತಿದೆ.

ಸಿಟ್ರುಲಿನ್ ಅಂದರೇನು, ಕೇಳಿದಳು.
ಹೇಳಲು ನನಗೇ ನಾಚಿಕೆ.
ಕಲ್ಲಂಗಡಿಯವ್ವಾ. ಮೊದಲು ಸೋಸಿ ತೆಗೆದದ್ದು ಅದರ ರಸದಿಂದ.
ಹೆಸರೂ ಅದರದೇ.

ನಕ್ಕಳು. ಹಲ್ಲು ಹೋದ ಕಡೆ ಕೈ ಅಡ್ಡ ಹಿಡಿಯಲು ಹೋದಳು, ಆಗಲಿಲ್ಲ.
"ಮೂವತ್ತು ವರ್ಷ ನಾನು ಅದರ ಬಾಗಿಲು ಬಡಿದೆ.
ಈಗ ಅದು ನನ್ನದು ಬಡೀತಿದೆ."
ಹಾಗಲ್ಲ, ತಿಂದರೆ ಬರೋದಲ್ಲ, ಮುಟ್ಟಿದರೆ ಬರೋದಲ್ಲ ಎಂದೆ.
ಕೇಳಿಸಿಕೊಳ್ಳಲಿಲ್ಲ. ಅವಳಿಗೆ ತನ್ನ ಮಾತೇ ಹಿಡಿಸಿತ್ತು.

ರಾತ್ರಿ ದೀಪ ಆರಿಸಿದ ಮೇಲೆ ಅವಳೇ ತೆಗೆದ ಮಾತು:
ನೀನು ಹೊಟ್ಟೆಯಲ್ಲಿದ್ದಾಗ ನೋವೇ ಇರಲಿಲ್ಲ, ಗೊತ್ತಾ.
ಆ ಚಳಿಗಾಲ ಗುಂಡಿ ತಾನೇ ಹಾಕಿಕೊಂಡಳಂತೆ,
ಸೂಜಿಗೆ ದಾರ ಪೋಣಿಸಿದಳಂತೆ.

ಅರ್ಧ ಅಪ್ಪನವಳು ನಾನು, ಒಳಗೆ ಬಂದ ಅಪರಿಚಿತೆ.
ನನ್ನನ್ನು ಬಿಟ್ಟುಕೊಳ್ಳಲೆಂದು ಕಾವಲಿನವರಿಗೆಲ್ಲ
ಮೆಲ್ಲಗೆ, ಮೆಲ್ಲಗೆ ಎಂದಿದ್ದರು ಯಾರೋ.
ಆ ಸದ್ದಡಗಿದ ಮನೆಯಲ್ಲಿ ಗೆಣ್ಣುಗಳೂ ನಿದ್ದೆ ಹೋದವು.
ನಾನು ಹುಟ್ಟಿ ಆರನೇ ವಾರ ಮತ್ತೆ ಊದಿದವು.
ಹೊರಗಿನವಳಿಗೆ ಕೊಟ್ಟ ಸಲಿಗೆಯನ್ನು
ತನ್ನದೇ ಕೈಗೆ ಕೊಡದ ಮೈ.
ಇದನ್ನು ಯಾವ ಮಾತಿಗೆ ಇಳಿಸಲಿ?

ಬುಧವಾರ ಮಾತ್ರೆಯ ದಿನ. ಹಳದಿ, ಆರು.
ಗುರುವಾರ ವಾಕರಿಕೆ.
ಭಾನುವಾರ ಸಂತೆ. ನಾನು ಕುಟ್ಟುತ್ತೇನೆ,
ಅವಳು ಕಿವಿ ಕೊಡುತ್ತಾಳೆ.
ನನಗೆ ಎಲ್ಲ ಹಣ್ಣೂ ಒಂದೇ ಸದ್ದು.

"ಇದು ಬೇಡ, ಒಳಗೆ ಬಿರುಕಿದೆ. ಕೆಳಗಿಡು.
ಅದರ ಪಕ್ಕದ್ದು."