ಹದಿನೇಳನೇ ಸಾಲಿನ ಕವಲು

ಬಾಯ್‌ಷಾದ ಗುಡ್ಡದಲ್ಲಿ
ಚಂಡಮಾರುತಕ್ಕೂ ಮುಂಚೆ ಬರುವುದು
ಗಾಳಿಯೇ ಇಲ್ಲದ ಒಂದು ಮಧ್ಯಾಹ್ನ.
ಎಲೆ ಮಿಸುಕುವುದಿಲ್ಲ.
ಇರುವೆಗಳು ಮೊಟ್ಟೆ ಕಚ್ಚಿಕೊಂಡು ಕಾಂಡ ಹತ್ತುತ್ತವೆ.
ಹೈನಾನ್ ರೇಡಿಯೊ ಹೇಳುತ್ತಿದೆ: ನಾಳೆ ರಾತ್ರಿ, ಪೂರ್ವದ ಕಡಲಿನಿಂದ.

ಫೂ ಯೂಲಿಯೆನ್ ಹಾಲಿನ ಬಟ್ಟಲುಗಳನ್ನು
ಒಂದೊಂದಾಗಿ ಬೋರಲು ಹಾಕುತ್ತಾ ಬರುತ್ತಾಳೆ.
ಮೂವತ್ತೊಂದು ವರ್ಷದ ಕೈ. ಮರಗಳನ್ನು ಎಣಿಸುವುದಿಲ್ಲ.
"ಏಣಿ ಹಿಡಿ" ಎನ್ನುತ್ತಾಳೆ ಹಾಯ್‌ಬಿನ್‌ಗೆ,
ಕೆಲಸಕ್ಕೆ ಸೇರಿ ಒಂಬತ್ತು ದಿನವಾದ ಹುಡುಗ,
ಹಣೆಯ ದೀಪವನ್ನು ಹಗಲಲ್ಲೂ ಬಿಚ್ಚಿಲ್ಲ.

"ಎಷ್ಟು ಸವರೋದು?"
"ಕೆಳಗೆ ನಿಂತವನಿಗೆ ಆಕಾಶ ಕಾಣುವಷ್ಟು."

ಸೊಂಪಾದ ತಲೆಯದೇ ಮೊದಲು ಉರುಳುವುದು, ನೋಡು.
ಹೆಚ್ಚು ಹಾಲಿನದರ ಕಟ್ಟಿಗೆ ಮೆತ್ತಗೆ.
ಮುರಿಯುವುದೂ ಎದೆಮಟ್ಟಕ್ಕೇ,
ದಿನಾ ನಮ್ಮ ಚಾಕು ಗೀರುವಲ್ಲಿಗೇ.
ಆ ಜಾಗ ಗಾಳಿಗೆ ಯಾರು ತೋರಿಸಿಕೊಟ್ಟರೋ.

ತೋಟದಂಚಿಗೆ ಗಾಳಿಮರದ ಎಂಟು ಸಾಲು.
ಗಾಳಿಯ ಹೆಸರು ಹೊತ್ತು ಗಾಳಿಗೇ ಅಡ್ಡ ನಿಂತವು.
ಒಂದು ವರ್ಷ ಲೆಕ್ಕದ ಮೋ ಬಂದು
ತೊಟ್ಟು ಹಾಲು ಕೊಡದವಕ್ಕೆ ಇಷ್ಟು ಜಾಗವೇ ಎಂದು
ಕೊನೆಯ ತುಂಡೊಂದನ್ನು ಕಡಿಸಿ ಮಾರಿದ.
ಸೆಪ್ಟೆಂಬರಿನಲ್ಲಿ ಆ ಸಂದಿಯಿಂದಲೇ ನುಗ್ಗಿತು,
ಬಾಗಿಲು ತೆರೆದ ಮನೆಗೆ ಚಪ್ಪಲಿ ಬಿಡದ ನೆಂಟನಂತೆ.
ಅದೇ ವರ್ಷ ಯೂಲಿಯೆನ್
ತನ್ನ ಪಾಲಿನ ಮರಗಳ ತಲೆ ಅತಿಯಾಗಿ ಸವರಿದಳೆಂದು
ಕೂಲಿಯಲ್ಲಿ ಅರವತ್ತು ಯುವಾನ್ ಮುರಿದಿದ್ದರು.
ಅವಳ ಮರಗಳು ನಿಂತವು.
ಅರವತ್ತು ಯುವಾನ್ ವಾಪಸು ಬರಲಿಲ್ಲ.

ಹದಿನೇಳನೇ ಸಾಲಿಗೆ ಬಂದಾಗ ಹೊತ್ತಿಳಿದಿತ್ತು.
ಅಲ್ಲೊಂದು ಕವಲು, ಬುಡದಿಂದ ಆಳೆತ್ತರಕ್ಕೆ ಎರಡಾದದ್ದು,
ಎರಡೂ ಸಮ ದಪ್ಪ, ಎರಡಕ್ಕೂ ಸಮ ಹಟ,
ಸೀಳಿದರೆ ಬುಡದ ತನಕ.
ತಂತಿ ತಂದಳು, ಎಂಟರ ಹಾಗೆ ಸುತ್ತಿದಳು.
ತೊಗಟೆಗೆ ತಂತಿ ಕಚ್ಚಬಾರದೆಂದು
ನಡುವೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ.
ಹುಡುಗ ಅದನ್ನು ಹಿಂಡಿ, ಮೂಸಿ ನೋಡಿದ.
"ಇದೂ ರಬ್ಬರೇ ಅಲ್ವಾ?"
"ಹ್ಞೂಂ. ಇದರ ಅಜ್ಜಿ ಯಾರದೋ ಹಾಲು."
ಎಂದವಳೇ ಇಕ್ಕಳದಿಂದ ಇನ್ನೆರಡು ಸುತ್ತು ತಿರುವಿದಳು.

ಆ ರಾತ್ರಿ ಬೇರೆ ಏನನ್ನೂ ಕೇಳಲಾಗಲಿಲ್ಲ.
ಕಾಲೊನಿಯ ತಗಡುಗಳ ನಡುವೆ
ಆಗೊಮ್ಮೆ ಈಗೊಮ್ಮೆ ದೂರದಲ್ಲಿ
ಲಟ್.
ಹಾಯ್‌ಬಿನ್ ಬೆರಳು ಮಡಚಿ ಎಣಿಸಿದ,
ಬೆರಳು ಮುಗಿದ ಮೇಲೆ ಬಿಟ್ಟ.

ಮೂರನೇ ದಿನ ಹೋಗಿ ನೋಡಿದರೆ
ಕವಲು ನಿಂತಿದೆ, ಟ್ಯೂಬು ಒಂದು ಕಡೆ ಹರಿದಿದೆ.
ಪಕ್ಕದ್ದು, ನೆಟ್ಟಗಿದ್ದದ್ದು, ಯಾರಿಗೂ ಚಿಂತೆ ಕೊಡದಿದ್ದದ್ದು,
ಎದೆಮಟ್ಟಕ್ಕೆ ಮುರಿದು ಮಲಗಿದೆ.
ಮುರಿದ ಬಾಯಿಂದ ಹಾಲು ಇನ್ನೂ ಒಸರುತ್ತಿದೆ,
ಬಟ್ಟಲಿಲ್ಲದ ಕಡೆಗೆ.

ಹುಡುಗ ಅಂಗೈ ಒಡ್ಡಿ ನಿಂತುಬಿಟ್ಟ.

ಯೂಲಿಯೆನ್ ಗರಗಸ ಕೊಟ್ಟಳು, ಟಾರಿನ ಡಬ್ಬಿ ತೆರೆದಳು:
"ಓರೆಯಾಗಿ ಕೊಯ್ಯಿ. ಗಾಯದ ಮೇಲೆ ನೀರು ನಿಲ್ಲಬಾರದು.
ಬುಡ ಅಲ್ಲಾಡಿಸಬೇಡ, ಚಿಗುರೀತು."