ಗಾಜಿನ ಮೇಲಿನ ಅಂಕಿ

ರುಸ್ತಾವಿಯಲ್ಲಿ ಗಾಳಿಗೆ ರಜೆಯಿಲ್ಲ.
ಉಕ್ಕಿನ ಕಾರ್ಖಾನೆಯ ಚಿಮಣಿಗಳ ಕಡೆಯಿಂದ ಬಂದು
ಸಾಲಿನ ಕಾರುಗಳನ್ನೆಲ್ಲ ತಟ್ಟಿ ನೋಡಿ
ಏನೂ ಕೊಳ್ಳದೆ ಹೋಗುತ್ತದೆ.

ನನ್ನ ಕೆಲಸ ಸಣ್ಣದು:
ಎದುರುಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬೆಲೆ ಬರೆಯುವುದು.
ಹೇಳುವವನು ಮುರ್ಮಾನ್.
ಬಾನೆಟ್ಟಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ,
'ಮೂರನೇ ಸಿಲಿಂಡರಿಗೆ ಕೆಮ್ಮು' ಅನ್ನುತ್ತಾನೆ,
'ಬೆಲ್ಟು ಬರುವ ಚಳಿಗಾಲ ದಾಟೋದಿಲ್ಲ' ಅನ್ನುತ್ತಾನೆ.
ಅವನಪ್ಪ ಕುದುರೆಯ ಹಲ್ಲು ನೋಡಿ ಬೆಲೆ ಕಟ್ಟುತ್ತಿದ್ದನಂತೆ.
ಕಟ್ಟುವುದು ಅವರ ಮನೆತನದ್ದು;
ಬಿಚ್ಚುವ ಕಾಲ ಬಂದದ್ದು ನನ್ನ ಕೈಗೆ.

ಮೊದಲೆಲ್ಲ ಒಂದು ಅಂಕಿ ಬರೆದರೆ
ಕಾರು ಹೋಗುವ ತನಕ ಇರುತ್ತಿತ್ತು.
ಈಗ ಸೋಮವಾರ ಬರೆದದ್ದನ್ನು ಶುಕ್ರವಾರ
ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸುತ್ತೇನೆ.
ಐದು ಸಾವಿರದ ಇನ್ನೂರು, ನಾಲ್ಕು ಸಾವಿರದ ಆರುನೂರು,
ನಾಲ್ಕು, ಮೂರೂವರೆ.
ಡಾಲರಿನಲ್ಲಿ ಬರೆದರೂ ಇಳಿಯುತ್ತದೆ, ಲಾರಿಯಲ್ಲಿ ಬರೆದರೂ.

ಲಾಮಾರಾ ಬಂದದ್ದು ನವೆಂಬರಿನಲ್ಲಿ.
ಬಂದದ್ದು ಯಾರಿಗೂ ಕೇಳಿಸಲಿಲ್ಲ;
ಗೇಟಿನ ನಾಯಿ ಕೂಡ ಏಳಲಿಲ್ಲ.
ಟ್ಯಾಕ್ಸಿಯವಳು; ಹೊಸದು, ಚೀನಾದ್ದು, ಕರೆಂಟಿನದು.
ಹಿಂದೆಯೇ ಅವಳ ತಮ್ಮ
ಹಳೆಯ ಒಪೆಲ್ ಓಡಿಸಿಕೊಂಡು ಬಂದ.
ಅದು ಬಂದದ್ದು ಮಾತ್ರ ಊರಿಗೆಲ್ಲ ಗೊತ್ತಾಯಿತು.

ನಾಲ್ಕು ಲಕ್ಷದ ಹತ್ತು ಸಾವಿರ ಕಿಲೋಮೀಟರು.
ಹಿಂದಿನ ಸೀಟಿನಲ್ಲಿ ಎರಡು ಹೆರಿಗೆ,
ಒಂದು ನಿಶ್ಚಿತಾರ್ಥ ಮುರಿದದ್ದು,
ಎಷ್ಟೋ ಜನ ಕುಡುಕರು.
ಮುರ್ಮಾನ್ ಕಿವಿಯಿಟ್ಟ. ಬಹಳ ಹೊತ್ತು ಇಟ್ಟ.
'ಇದಕ್ಕೇನೂ ಆಗಿಲ್ಲ' ಎಂದ.
ಆಮೇಲೆ ಒಂದು ಅಂಕಿ ಹೇಳಿದ.

ಲಾಮಾರಾ ಬೈದಳು,
ಅವನ ಕುದುರೆ ವ್ಯಾಪಾರದ ಅಪ್ಪನನ್ನೂ ಸೇರಿಸಿ.
'ಏನೂ ಆಗಿಲ್ಲ ಅಂದ ಮೇಲೆ ಇದ್ಯಾಕೆ ಇಷ್ಟು?'
'ಈ ವಾರ ನಿನ್ನಂಥವರು ಎಷ್ಟು ಜನ ಬಂದರು ಗೊತ್ತೇ?
ಎಲ್ಲರೂ ಸದ್ದಿಲ್ಲದೆ ಬಂದವರು.
ಬಿಟ್ಟು ಹೋಗುವವರೇ ಬೆಲೆ ಇಳಿಸುತ್ತಾರೆ ತಾಯಿ,
ನಾನು ಬರೀ ಲೆಕ್ಕ ಹೇಳುತ್ತೇನೆ.'
ಅವಳು ತನ್ನ ಹೊಸ ಕಾರನ್ನು ನೋಡಿದಳು,
ಜಗಳದಲ್ಲಿ ಸಾಕ್ಷಿ ಹೇಳದೆ ನಿಂತ ನೆಂಟನನ್ನು ನೋಡಿದ ಹಾಗೆ.

ಮುರ್ಮಾನನದೊಂದು ಸಿದ್ಧಾಂತ ಉಂಟು.
ಎಲ್ಲರೂ ಕರೆಂಟಿಗೆ ಹೋದರೆ ಪೆಟ್ರೋಲು ಕೇಳುವವರಿಲ್ಲ,
ಕೇಳುವವರಿಲ್ಲದಿದ್ದರೆ ಅದು ಅಗ್ಗ,
ಅದು ಅಗ್ಗವಾದರೆ ಹಳೆಯದಕ್ಕೆ ಮತ್ತೆ ಏರು.
ನಾಲ್ಕು ವರ್ಷದಿಂದ ಹೇಳುತ್ತಿದ್ದಾನೆ,
ಕಾಫಿ ಆರುವಷ್ಟು ಹೊತ್ತು.

ಒಂದು ದಿನ ಕರೆಂಟಿನದೇ ಒಂದು ಮಾರಾಟಕ್ಕೆ ಬಂತು,
ಬರೀ ಮೂರು ವರ್ಷದ್ದು.
ಅಭ್ಯಾಸಬಲ, ಮುರ್ಮಾನ್ ಬಗ್ಗಿ ಕಿವಿಯಿಟ್ಟ.
ಗಾಳಿ ಬಿಟ್ಟರೆ ಇನ್ನೇನೂ ಇಲ್ಲ.
ಇನ್ನೊಂದು ಕಿವಿ ಇಟ್ಟ.
ಹುಡುಗನೊಬ್ಬ ವಯರು ಚುಚ್ಚಿ, ಫೋನು ನೋಡಿ,
'ಬ್ಯಾಟರಿ ಎಂಬತ್ತೊಂದು' ಎಂದ.
ಅದರ ಬೆಲೆ ಒಪೆಲ್‌ಗಿಂತ ಜೋರಾಗಿ ಬಿದ್ದಿತ್ತು.
ನಾನು ಬರೆದೆ.
ಮುರ್ಮಾನ್ ಆ ದಿನ ಊಟಕ್ಕೆ ಬೇಗ ಹೋದ.

ಡಿಸೆಂಬರಿನ ಒಂದು ಮಂಜಿನ ಬೆಳಗ್ಗೆ
ರಾಚಾದ ಬೆಟ್ಟದಿಂದ ಜೇನು ಸಾಕುವವನೊಬ್ಬ ಬಂದ,
ಹೆಸರು ಅವ್ತಾಂಡಿಲ್.
ಅವನ ಊರಿನಲ್ಲಿ ಕರೆಂಟು ಹೋದರೆ
ಪಾದ್ರಿಗೇ ಮೊದಲು ಗೊತ್ತಾಗುವುದಂತೆ.
ಪೆಟ್ಟಿಗೆ ಹೇರಲು ಜಾಗ ಬೇಕು, ಕೆಟ್ಟರೆ ಸುತ್ತಿಗೆಗೆ ಬಗ್ಗಬೇಕು.

ಒಪೆಲ್‌ನ ಒಳಗೆ ಕೂತ. ಉಸಿರು ಬಿಟ್ಟ.
ಗಾಜು ಮಬ್ಬಾಯಿತು,
ನಾನು ಒರೆಸಿದ್ದೆಲ್ಲ ಎದ್ದು ಬಂತು:
ನಾಲ್ಕರ ಹೊಟ್ಟೆಯೊಳಗೆ ಮೂರು,
ಮೂರರ ಬೆನ್ನ ಮೇಲೆ ಎರಡು,
ಉಗುಳಿನ ಗೆರೆ, ಹೆಬ್ಬೆರಳಿನ ಸುತ್ತು.

'ಇದರಲ್ಲಿ ಯಾವುದು?' ಕೇಳಿದ.
ನಾನು ಕೊನೆಯದನ್ನು ತೋರಿಸಿದೆ.
ಮುರ್ಮಾನ್ ಮಾತಾಡಲಿಲ್ಲ,
ಅವನ ಬೆರಳು ಮೊದಲನೆಯದರ ಮೇಲಿತ್ತು.

ಅವ್ತಾಂಡಿಲ್ ಕೀಲಿ ತಿರುವಿದ.
ಮೂವರೂ ಕೇಳಿದೆವು.